ಬಲಗಡೆಯ ಮೂಗುಬಟ್ಟು

"ಫೋಟೋನೇ ಇಲ್ಲ ಅಂದ್ರೆ ನಾನು ಯಾರ ಮುಖ ನೋಡ್ಕೊಂಡು ಬರೀಲಿ?" ಎಂದು ಅವನು ಕೇಳಿದಾಗ ನನಗೆ ರೇಗಿಹೋಯಿತು.

"ಫೋಟೋ ಇದ್ದಿದ್ರೆ ನಿಮ್ಮನ್ಯಾಕೆ ಕರೆಸ್ತಿದ್ವಿ? ಅದನ್ನೇ ಗೋಡೆಗೆ ತಗುಲಿಸ್ತಿದ್ವಿ," ಎಂದೆ ಬಾಗಿಲ ಮರೆಯಿಂದ.

ಅವನು ತಲೆಯೆತ್ತಿದ. ಬೈಸಿಕೊಂಡವನ ಮುಖದಲ್ಲಿ ನಗು ಬರಬಾರದು, ಬಂದಿತ್ತು. ಅವನೇ ಕಲ್ಯಾಣದುರ್ಗದ ಜಯಣ್ಣ. ನಾಟಕದ ಪರದೆಗಳಿಗೆ ಅರಮನೆ, ಕಾಡು ಬರೆಯುವವನು, ಆರ್ಡರ್ ಕೊಟ್ಟರೆ ಮನುಷ್ಯರನ್ನೂ ಬರೆಯುತ್ತಾನೆ ಎಂದು ಕೇಳಿ ಅಪ್ಪ ಹಿಂದೂಪುರಕ್ಕೆ ಕರೆಸಿದ್ದರು.

ಬೇಕಾಗಿದ್ದುದು ಅಮ್ಮನ ಚಿತ್ರ. ಬೆಲ್ಲದ ಮಂಡಿಯ ಉಜ್ಜಿನಪ್ಪನವರ ಹೆಂಡತಿ ಪಂಪಮ್ಮ, ನಾನು ಅಂಬೆಗಾಲಿಡುವಾಗಲೇ ತೀರಿಕೊಂಡವಳು. ಈಗ ಅಪ್ಪನ ಕಣ್ಣು ಮಂಜಾಗುತ್ತಿತ್ತು. ಬೆಂಗಳೂರಿನ ಡಾಕ್ಟರು ಕೈಚೆಲ್ಲಿದ್ದರು.

"ಪೂರಾ ಕತ್ತಲಾಗೋ ಮುಂಚೆ ಅವಳ ಮುಖ ಒಂದ್ಸಲ ನೋಡ್ಬುಡ್ಬೇಕು ಕಣಪ್ಪ," ಎಂದು ಅಪ್ಪ ಹೇಳಿದಾಗ ಜಯಣ್ಣನ ನಗು ಅಡಗಿತು.

"ಬರ್ಕೊಡ್ತೀನಿ ಯಜಮಾನ್ರೆ," ಎಂದ. ಆ ಒಂದು ಮಾತಿಗೇ ನನ್ನ ಸಿಟ್ಟು ಇಳಿಯಿತು.

ಮುಖವನ್ನು ಮನೆಯವರ ಮಾತು ಕೇಳಿ ಬರೆಯುವುದು. ಭುಜ, ಸೆರಗು, ಸರಕ್ಕೆ ನಾನು ಅಮ್ಮನ ಸೀರೆಯುಟ್ಟು ಕೂರುವುದು ಎಂದು ತೀರ್ಮಾನವಾಯಿತು. ಆಗ ಅಡ್ಡ ಬಂದರು ನಮ್ಮ ಸೋದರತ್ತೆ ಕರಿಬಸಮ್ಮ.

"ಮದುವೆ ಆಗ್ದಿರೋ ಹುಡುಗಿ ಗಂಡಸ್ರಿಗೆ ಮುಖ ಕೊಟ್ಕೊಂಡು ಕೂರೋದಾ? ಊರೋರು ಏಮನುಕುಂಟಾರು, ಏನಂದ್ಕೊಂಡಾರು?"

"ಹಂಗಾದ್ರೆ ಅವರು ಕನ್ನಡಿ ಕಡೆ ತಿರುಗಿ ಕೂರ್ಲಿ. ನಾನು ಹಿಂದೆ ಕೂತು ಕನ್ನಡೀಲಿ ನೋಡ್ಕೊಂಡು ಬರೀತೀನಿ," ಎಂದ ಜಯಣ್ಣ.

"ಹಾಂ, ಅದು ಮರ್ಯಾದೆ! ಕನ್ನಡೀಲಿ ಎಷ್ಟು ಬೇಕಾದ್ರೂ ನೋಡ್ಕೊ," ಎಂದು ಅತ್ತೆ ಬಾಗಿಲ ಬಳಿ ಬತ್ತಿ ಹೊಸೆಯುತ್ತಾ ಕುಳಿತರು.

ಅಯ್ಯೋ ನನ್ನತ್ತೆ! ಎದುರಿಗೆ ಕೂರಿಸಿದ್ದರೆ ನಾನು ನೆಲ ನೋಡಿಕೊಂಡೇ ಕಾಲ ಕಳೆಯುತ್ತಿದ್ದೆ. ಕನ್ನಡಿಯ ಮುಂದೆ ಕುಳಿತ ಹುಡುಗಿ ಎಲ್ಲಾದರೂ ತಲೆ ತಗ್ಗಿಸುತ್ತಾಳೆಯೇ? ಅತ್ತೆಯ ಆ ಹಟಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ಮೊದಲು ನನ್ನನ್ನೇ ನೋಡಿಕೊಂಡೆ. ಆಮೇಲೆ ನನ್ನ ಹೆಗಲ ಪಕ್ಕದಲ್ಲಿ ಅವನು ಕಂಡ. ಅವನ ನೋಟ ಸೆರಗಿನ ಅಂಚಿನಿಂದ ಹೊರಟು, ಸರ ದಾಟಿ, ಓಲೆಯ ಹತ್ತಿರ ಸ್ವಲ್ಪ ತಡೆದು, ನನ್ನ ಕಣ್ಣಿಗೆ ಬಂದು ನಿಂತುಬಿಡುತ್ತಿತ್ತು. ನಾನು ಕನ್ನಡಿಯ ಚೌಕಟ್ಟು ನೋಡುತ್ತಿದ್ದೆ. ನನ್ನ ನೋಟ ತಿರುಗಿ ಬಂದರೆ ಅವನು ಅಲ್ಲೇ ಇರುತ್ತಿದ್ದ.

"ಸರ ನೋಡ್ತಿದ್ದೀರೋ, ಇನ್ನೇನು ನೋಡ್ತಿದ್ದೀರೋ?" ಎಂದೆ ಮೆಲ್ಲಗೆ.

"ಸರಾನೇ ಅಮ್ಮೋರೆ. ಅಲ್ಲಾಡ್ತೈತೆ. ಉಸಿರು ಸ್ವಲ್ಪ ನಿಧಾನಕ್ಕೆ ಬಿಡಿ."

"ನಿಮ್ಮ ಬ್ರಷ್ಷೂ ಅಲ್ಲಾಡ್ತೈತೆ."

"ಅದಕ್ಕೆ ಮದ್ದಿಲ್ಲ."

"ಏನೇ ಅದು ಗುಸುಗುಸು?" ಅತ್ತೆ ತಲೆಯೆತ್ತಿದರು.

"ಸೆರಗು ಸರಿಮಾಡ್ಕೋ ಅಂತವ್ರೆ ಅತ್ತೆ," ಎಂದೆ. ಸುಳ್ಳು ಹೇಳಿದ್ದು ನಾನು, ಕಿವಿ ಕೆಂಪಾದದ್ದು ಅವನದು.

ಸಂಜೆ ಅವನು ಅಪ್ಪನ ಪಕ್ಕ ಕುಳಿತು ಅಮ್ಮನ ವಿಚಾರ ಕೇಳುತ್ತಿದ್ದ. ದುಂಡು ಮುಖ ಎಂದರು ಅತ್ತೆ. "ಬಾಯಿಗಿಂತ ಮುಂಚೆ ಕಣ್ಣು ನಗ್ತಿದ್ವು," ಎಂದರು ಅಪ್ಪ. ನಮ್ಮ ಮನೆಯಲ್ಲಿ ಅಮ್ಮನ ಹೆಸರೆತ್ತಿದರೆ ಅಪ್ಪ ಎದ್ದು ಹೋಗುತ್ತಿದ್ದರು. ನಾನು ಕೇಳುವುದನ್ನೇ ಬಿಟ್ಟಿದ್ದೆ. ಈ ಪರದೆ ಬರೆಯುವವನ ಮುಂದೆ ಮಾತ್ರ ಗಂಟೆಗಟ್ಟಲೆ ಹೇಳಿದರು. ಕಂಬದ ಮರೆಯಲ್ಲಿ ನಿಂತು ನನ್ನ ತಾಯಿಯ ಕಥೆಯನ್ನು ಮೊದಲ ಸಲ ಕೇಳಿದೆ. ಅಳು ಬಂತು. ಅವನ ಕಾಲಿಗೆ ಬೀಳಬೇಕು ಅನ್ನಿಸಿತು.

"ಮುಖ ಊರಲ್ಲಿ ಬರ್ಕೊಂಡು ಬತ್ತೀನಿ," ಎಂದು ಅವನು ಹೊರಟ ದಿನ ಬಾಗಿಲಲ್ಲಿ ನಾನಿದ್ದೆ.

"ಬೇಗ ಬನ್ನಿ."

"ಯಜಮಾನ್ರ ಕಣ್ಣಿಗೋಸ್ಕರನಾ?"

"ಹೂಂ. ಇನ್ಯಾರ ಕಣ್ಣಿಗೋಸ್ಕರ?"

ಅವನು ನಕ್ಕ. ನಾನು ಒಳಗೆ ಓಡಿದೆ.

ಅವನು ಮರಳಿ ಬರುವಷ್ಟರಲ್ಲಿ ಅಪ್ಪ ಗೋಡೆ ತಡವಿಕೊಂಡು ಓಡಾಡುವಂತಾಗಿದ್ದರು. ಬೆಳಗಿನ ಬಿಸಿಲು ಬೀಳುವ ಕಿಟಕಿಗೆ ಚಿತ್ರ ಒರಗಿಸಿದೆವು. ಅಪ್ಪ ಮಂಡಿಯೂರಿ, ಮೂಗು ತಾಗುವಷ್ಟು ಹತ್ತಿರ ಹೋಗಿ ಇಂಚಿಂಚೇ ನೋಡಿದರು.

"ಸೆರಗು ಸರ್ಯಾಗಿ ಎಡಗಡೆ ಹೆಗಲ ಮೇಲೈತೆ," ಎಂದರು ಕೊನೆಗೆ. "ಮೂಗ್ಬಟ್ಟು ಯಾಕಪ್ಪ ಬಲಗಡೆ ಐತೆ?"

ಜಯಣ್ಣ ಚಿತ್ರ ನೋಡಿದ. ನನ್ನ ಮೂಗು ನೋಡಿದ. ಅಮ್ಮನ ಹಾಗೆ ನನ್ನದೂ ಎಡಗಡೆಯೇ ಇತ್ತು.

ಕನ್ನಡಿ ಎಡವನ್ನು ಬಲ ಮಾಡಿ ತೋರಿಸುತ್ತದೆ. ಕೆಲಸ ಬಲ್ಲವನು, ಸೆರಗನ್ನು ಮರೆಯದೆ ತಿರುಗಿಸಿ ಬರೆದಿದ್ದ. ಮುಖವನ್ನು ಮಾತ್ರ ತಿರುಗಿಸಿರಲಿಲ್ಲ. ಕನ್ನಡಿಯಲ್ಲಿ ಕಂಡದ್ದನ್ನು ಕಂಡಂತೆಯೇ ಕಲ್ಯಾಣದುರ್ಗಕ್ಕೆ ಹೊತ್ತುಕೊಂಡು ಹೋಗಿ, ಅಮ್ಮನ ಮುಖ ಎಂದುಕೊಂಡು ನನ್ನ ಮುಖ ಬರೆದಿದ್ದ. ಅದು ಅವನಿಗೂ ಗೊತ್ತಾದದ್ದು ಆಗಲೇ.

"ಇವಳು ಪಂಪಮ್ಮ ಅಲ್ಲ," ಎಂದರು ಅಪ್ಪ.

"ತಪ್ಪಾಯ್ತು ಯಜಮಾನ್ರೆ. ಹೊಸದಾಗಿ ಬರ್ಕೊಡ್ತೀನಿ."

"ಅಲ್ಲೀಗಂಟ ನನ್ನ ಕಣ್ಣು ಇರ್ತಾವೇನಪ್ಪ?"

ಬತ್ತಿ ಹೊಸೆಯುತ್ತಿದ್ದ ಅತ್ತೆ ಎದೆಗೆ ಕೈಯಿಟ್ಟುಕೊಂಡು, "ಕನ್ನಡೀಲಿ ನೋಡು ಅಂದ್ರೆ ಇಂಗಾ ನೋಡೋದು, ಮುಂಡೇದೆ!" ಎಂದು ಎದ್ದರು. ಅವನನ್ನು ಬೈಯುವುದು ನನ್ನ ಕೈಲಿ ಕೇಳಲಾಗಲಿಲ್ಲ.

"ಅವರೊಬ್ಬರದೇ ತಪ್ಪಲ್ಲ ಅಪ್ಪಾ," ಎಂದೆ. "ನಾನು ಮುಖ ಅತ್ತ ತಿರುಗಿಸ್ಬೋದಾಗಿತ್ತು. ಅವರು ನೋಡ್ಲಿ ಅಂತ ನಾನೇ ಕೂತಿದ್ದೆ."

ಹೇಳಿಬಿಟ್ಟೆ. ಅಪ್ಪ ನನ್ನ ಕಡೆ ತಿರುಗಲಿಲ್ಲ, ಚಿತ್ರದ ಕೆನ್ನೆಯ ಮೇಲೆ ಬೆರಳಿಟ್ಟರು.

"ಅವಳು ಹೋದ ಮೇಲೆ ಈ ಮಗೀನ ಮುಖ ನೆಟ್ಟಗೆ ನೋಡೋಕೆ ನಂಗೆ ಧೈರ್ಯ ಸಾಲ್ಲಿಲ್ಲ ಕಣಪ್ಪ. ನೋಡಿದ್ರೆ ಅವಳು ನೆಪ್ಪಾಗ್ತಿದ್ಲು. ಎಷ್ಟು ದೊಡ್ಡೋಳಾಗವ್ಳೆ ನನ್ ಮಗಳು! ಎಷ್ಟು ಚೆಂದಾಗವ್ಳೆ!" ಅಪ್ಪನ ದನಿ ಒಡೆಯಿತು. "ಪಂಪೀನ ಹೆಂಗೂ ಕಣ್ಮುಚ್ಕೊಂಡೇ ನೋಡ್ತೀನಿ, ಅವಳೆಲ್ಲಿಗೂ ಹೋಗಾಕಿಲ್ಲ. ಇವಳನ್ನ ನೋಡ್ದೆ ಕುರುಡನಾಗಿಬುಡ್ತಿದ್ದೆ. ನೀನು ತೋರಿಸ್ದೆ. ನಿನ್ನ ಹೊಟ್ಟೆ ತಣ್ಣಗಿರ್ಲಿ."

ಜಯಣ್ಣ ಕಣ್ಣೊರೆಸಿಕೊಂಡು ಚಿತ್ರ ಎತ್ತಲು ಬಗ್ಗಿದ. ಅಪ್ಪ ಅವನ ಕೈ ಹಿಡಿದು ಕಿಟಕಿಯ ಕಡೆಗೆ ಎಳೆದರು.

"ಬಾರಪ್ಪ, ಬೆಳಕಿಗೆ ಬಾ. ಕಣ್ಣು ಇರೋವಾಗ್ಲೇ ಅಳಿಯನ ಮುಖಾನೂ ನೋಡ್ಬುಡ್ತೀನಿ."

ಅತ್ತೆಯ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು. ಅಪ್ಪ ಎರಡೂ ಕೈಯಲ್ಲಿ ಅವನ ಮುಖ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರು.

"ಇದೇನಪ್ಪ, ಬರೀ ಕಪ್ಪು ಕಾಣ್ತೈತಲ್ಲ?"

ಆಗ ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲ್ ಇಲ್ಲದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು. ಕಲ್ಯಾಣದುರ್ಗದಿಂದ ಬಂದವನ ಕೆನ್ನೆ ತುಂಬ ಮಸಿ ಮೆತ್ತಿತ್ತು.

ನಾನು ಅತ್ತೆಯನ್ನೂ ಕೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ನೇರವಾಗಿ ಅವನೆದುರಿಗೆ ಹೋಗಿ ನಿಂತು, ಅಪ್ಪನಿಗೆ ಚೆನ್ನಾಗಿ ಕಾಣಲಿ ಎಂದು, ನನ್ನ ಸೆರಗಿನಿಂದ ಆ ಮುಖ ಒರೆಸಿದೆ.