ಕೇಳಿದ ಮೇಲೆ ಕಾಯಬೇಕು

"ಮೇಡಂ, ಸ್ವಲ್ಪ ತಲೆ ತಗ್ಗಿಸಿ ಕೂರ್ತೀರಾ?"

ತನ್ನದೇ ತರಗತಿಯಲ್ಲಿ, ತನ್ನದೇ ಮಕ್ಕಳ ಹಿಂದೆ ಕೂತಿದ್ದಾಗ ಯಾರೋ ಬಂದು ಹೀಗೆಂದರೆ ಯಾವ ಟೀಚರಿಗೆ ಸಿಟ್ಟು ಬಾರದು? ಅವಳು ತಲೆಯನ್ನು ಇನ್ನಷ್ಟು ಎತ್ತಿದಳು.

"ಯಾಕೆ? ನಾನೇನು ತಪ್ಪು ಮಾಡಿದೆ?"

"ಅಯ್ಯೋ, ತಪ್ಪಲ್ಲ. ಮಕ್ಕಳು ಉತ್ತರ ಹೇಳೋ ಮುಂಚೆ ತಿರುಗಿ ನಿಮ್ಮ ಮುಖ ನೋಡ್ತಾರೆ. ನೀವು ನಕ್ಕರೆ ಸರಿ, ಹುಬ್ಬು ಗಂಟಿಕ್ಕಿದ್ರೆ ತಪ್ಪು. ಹೀಗಾದ್ರೆ ಪಾಪ, ಆ ಹುಡುಗಿ ಕಲಿಸೋದನ್ನ ಕಲಿಯೋದು ಯಾವಾಗ?"

ಕಪ್ಪುಹಲಗೆಯ ಬಳಿ ತರಬೇತಿಯ ಹುಡುಗಿ ಸೀಮೆಸುಣ್ಣ ಹಿಡಿದು ನಿಂತಿದ್ದಳು. ವಿಶ್ವವಿದ್ಯಾಲಯದಿಂದ ಪಾಠದ ಅಭ್ಯಾಸಕ್ಕೆಂದು ಬಂದವಳು. ತಲೆ ತಗ್ಗಿಸಿ ಎಂದ ಇವರು ಆ ಹುಡುಗಿಯ ಮೇಷ್ಟರು, ಮುಂದೆ ಶಿಕ್ಷಕರಾಗುವವರನ್ನು ತಯಾರು ಮಾಡುವವರು. ಟೀಚರಿಗೆ ಅವರ ಮಾತು ನಿಜವೆನ್ನಿಸಿತು. ನಾಚಿಕೆಯೂ ಆಯಿತು. ತಲೆ ತಗ್ಗಿಸಿದಳು. ಪಕ್ಕದಲ್ಲಿ ಕುಳಿತ ಮೇಷ್ಟರೂ ತಲೆ ತಗ್ಗಿಸಿದರು.

ಹೀಗೆ ಆ ಇಡೀ ಅಭ್ಯಾಸದ ಕಾಲವನ್ನು ಇಬ್ಬರೂ ಕೊನೆಯ ಬೆಂಚಿನಲ್ಲಿ, ಶಿಕ್ಷೆಗೊಳಗಾದ ಮಕ್ಕಳಂತೆ ಕಳೆದರು. ಆದರೆ ತಲೆ ಬಾಗಿದ್ದರೂ ಕಣ್ಣು ಸುಮ್ಮನಿರುತ್ತದೆಯೇ? ಮೇಷ್ಟರ ಓರೆನೋಟ ಟೀಚರ ಬೆರಳಿಗೆ ಅಂಟಿದ ಸೀಮೆಸುಣ್ಣದ ಮೇಲೆ ನಿಲ್ಲುತ್ತಿತ್ತು. ಅವಳು ಗಮನಿಸಿದಳೆಂದು ತಿಳಿದ ಕೂಡಲೇ ಅದು ಕಳ್ಳನ ಹಾಗೆ ಕಿಟಕಿಯಾಚೆ ಹಾರುತ್ತಿತ್ತು.

ಒಂದು ದಿನ ಅವಳು ಪಿಸುಗುಟ್ಟಿದಳು, "ಸಾರ್, ಕಾಲುಚೀಲ."

"ಏನಾಯ್ತು?"

"ಒಂದು ಕಪ್ಪು, ಒಂದು ನೀಲಿ."

ಅವರು ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡರು. "ಹೇಳೋರು ಇದ್ರು. ಈಗಿಲ್ಲ."

ನಗಿಸಲೆಂದೇ ಹಾಗೆಂದಿದ್ದರು. ಅವಳಿಗೆ ನಗಲಾಗಲಿಲ್ಲ. ಅವಳ ಮನೆಯಲ್ಲೂ ಒಬ್ಬರ ಅಂಗಿಗಳು ಕಪಾಟಿನಲ್ಲಿ ಮಡಿಸಿಟ್ಟಂತೆಯೇ ಇದ್ದವು. ಗಂಡ ತೀರಿಹೋದ ಮೇಲೆ ಆ ಮನೆಯಲ್ಲಿ ಉಳಿದವರು ಅವಳು ಮತ್ತು ಅವಳ ಅತ್ತೆ. ಸಂಜೆ ದೇವರ ಮುಂದೆ ಕೂತು ಅವಳು ಹೇಳುತ್ತಿದ್ದುದು ಒಂದೇ ಮಾತು: ಇವತ್ತಿನ ದಿನ ದಾಟಿಸಿದೆಯಲ್ಲ, ಸಾಕು. ಅಂದು ಮಾತ್ರ ಇನ್ನೇನನ್ನೋ ಬೇಡಬೇಕೆನ್ನಿಸಿತು. ಬೇಡಲು ಧೈರ್ಯ ಬರಲಿಲ್ಲ.

ಪ್ರತಿ ಪಾಠ ಮುಗಿದ ಮೇಲೂ ಮೇಷ್ಟರು ತರಬೇತಿಯ ಹುಡುಗಿಗೆ ಹೇಳುತ್ತಿದ್ದ ಬುದ್ಧಿಮಾತು ಒಂದೇ. "ಪ್ರಶ್ನೆ ಕೇಳಿದ ಮೇಲೆ ಕಾಯಮ್ಮ. ಮೌನಕ್ಕೆ ಹೆದರಬೇಡ. ನೀನೇ ಉತ್ತರ ಹೇಳಿಬಿಟ್ರೆ ಆ ಮಗುವಿನ ಬಾಯಿ ಮುಚ್ಚಿದ ಹಾಗೆ."

ಇಷ್ಟು ಹೇಳುತ್ತಿದ್ದವರೇ ಕೊನೆಯ ದಿನ, ಮಕ್ಕಳೆಲ್ಲ ಹೊರಟ ಮೇಲೆ, ಬಾಗಿಲಲ್ಲಿ ನಿಂತು ಹೀಗೆ ಮಾಡಿದರು:

"ಮೇಡಂ, ಇನ್ನು ಮುಂದೆ ನಾವಿಬ್ಬರೂ ಒಟ್ಟಿಗೇ ಇರಬಹುದಾ ಅಂತ... ಆದ್ರೆ ನಿಮಗೆ ಅತ್ತೆ ಇದ್ದಾರೆ. ಅವರನ್ನ ಬಿಟ್ಟು ಹೇಗೆ ಬರ್ತೀರಿ? ಆಗಲ್ಲ. ನನಗರ್ಥ ಆಗುತ್ತೆ. ತಪ್ಪು ತಿಳೀಬೇಡಿ, ಬರ್ತೀನಿ."

ಅವಳು ಬಾಯಿ ತೆರೆಯುವಷ್ಟರಲ್ಲಿ ಅವರು ಗೇಟು ದಾಟಿದ್ದರು.

ಮರುದಿನದಿಂದ ತರಗತಿ ಮತ್ತೆ ಅವಳ ಕೈಗೆ ಬಂತು. ಪಾಠದ ನಡುವೆ ಕಣ್ಣು ತಾನಾಗಿ ಕೊನೆಯ ಬೆಂಚಿನತ್ತ ಹೋಗುತ್ತಿತ್ತು. ಅಲ್ಲಿ ಮಕ್ಕಳು ಚೀಲಗಳನ್ನು ರಾಶಿ ಹಾಕಿದ್ದರು. ಗಂಡನಿದ್ದಾಗ ಅವಳ ಮನೆ ತುಂಬ ಸದ್ದಿತ್ತು. ಆ ಸದ್ದು ನಿಂತಾಗ ಹೇಗಿತ್ತೆಂದು ಅವಳಿಗೆ ಗೊತ್ತಿತ್ತು. ಅದೇ ಖಾಲಿತನ ಈಗ ಶಾಲೆಗೂ ಬಂದಿತ್ತು.

ಸೊಸೆ ಸಪ್ಪಗಾದದ್ದು ಅತ್ತೆಯ ಕಣ್ಣಿಗೆ ಬೀಳದಿರಲಿಲ್ಲ. ಮುದುಕಿ ಬೆನ್ನು ಬಿಡದೆ ಕೇಳಿ ಎಲ್ಲವನ್ನೂ ಬಾಯಿ ಬಿಡಿಸಿದಳು.

"ಅಂದ್ರೆ ನನ್ನ ನೆಪ ಹೇಳಿ ಬೇಡ ಅಂದ್ಯಾ?"

"ನಾನೇನೂ ಅನ್ಲಿಲ್ಲ ಅತ್ತೆ. ಅವರೇ ಕೇಳಿದ್ರು, ಅವರೇ ಬೇಡ ಅಂದ್ಕೊಂಡು ಹೋದ್ರು."

"ಭಲೇ ಮೇಷ್ಟ್ರು! ಊರಿಗೆಲ್ಲ ಪಾಠ ಹೇಳ್ತಾನಂತೆ, ಬಾಯಿಗೆ ತಾಳ್ಮೆ ಇಲ್ಲ." ಅತ್ತೆ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ಹೋದವನು ನನ್ನ ಮಗ. ನನ್ನ ಸಂಕಟ ದೇವರ ಹತ್ರ ಹೇಳ್ಕೋತೀನಿ. ಅದಕ್ಕೆ ನಿನ್ನನ್ನ ಕಾವಲು ಕೂರಿಸಿಲ್ಲ ತಾಯಿ. ನಿನಗೆ ಬೇಡವಾಗಿದ್ರೆ ಬಿಡು. ಬೇಕಾಗಿದ್ರೆ ಹೋಗಿ ಹೇಳು."

ಅವಳು ಹುಡುಕಿಕೊಂಡು ಹೋದಾಗ, ವಿಶ್ವವಿದ್ಯಾಲಯದ ಒಂದು ಕೋಣೆಯಲ್ಲಿ ಪಾಠದ ಅಭ್ಯಾಸಕ್ಕೆಂದು ತರಬೇತಿಯವರೇ ಮಕ್ಕಳಾಗಿ ನಟಿಸುತ್ತಿದ್ದರು. ಒಬ್ಬ ಪೆನ್ಸಿಲ್ ಕದ್ದ, ಇನ್ನೊಬ್ಬಳು ನೀರು ಕುಡಿಯಬೇಕೆಂದು ಅತ್ತಳು. ಬಾಗಿಲಲ್ಲಿ ಟೀಚರನ್ನು ಕಂಡ ಮೇಷ್ಟರು ಹೇಳುತ್ತಿದ್ದ ಮಾತನ್ನೇ ಮರೆತರು. ಟೀಚರ ಶಾಲೆಗೆ ಬಂದಿದ್ದ ಹುಡುಗಿ ಅದನ್ನು ನೋಡಿ, "ಸಾರ್, ಇವತ್ತಿಗೆ ಸಾಕಲ್ವಾ?" ಎಂದು ಎಲ್ಲರನ್ನೂ ಹೊರಡಿಸಿದಳು.

"ಅವತ್ತು ಕೇಳಿದ್ದನ್ನ ಇನ್ನೊಂದ್ ಸಲ ಕೇಳಿ," ಎಂದಳು ಟೀಚರ್.

ಮೇಷ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನನ್ನ ಜೊತೆ ಬದುಕ್ತೀರಾ?"

ಅವಳು ಕೂಡಲೇ ಉತ್ತರಿಸಲಿಲ್ಲ. ಆಟಕ್ಕಲ್ಲ, ಅವಳಿಗೆ ನಿಜಕ್ಕೂ ಸಮಯ ಬೇಕಿತ್ತು. ಕಪಾಟಿನ ಅಂಗಿಗಳು ಕಣ್ಣ ಮುಂದೆ ಬಂದವು. ಕೊನೆಯ ದಿನಗಳಲ್ಲಿ ಗಂಡನ ಕೈ ಎಷ್ಟು ಹಗುರಾಗಿತ್ತೆಂಬುದು ನೆನಪಾಯಿತು. ಮೇಷ್ಟರ ಬಾಯಿ ಒಮ್ಮೆ ತೆರೆಯಿತು, ಹಾಗೇ ಮುಚ್ಚಿಕೊಂಡಿತು. ಹೊರಗೆ ಗಂಟೆ ಹೊಡೆಯಿತು. ಅವರು ಕಾದರು.

"ಅವರ ನೆನಪಾದಾಗ ಅಳ್ತೀನಿ. ಅಳಬೇಡ ಅನ್ನಬಾರದು."

"ನಾನೂ ಅಳ್ತೀನಿ," ಎಂದರು ಅವರು ಮೆಲ್ಲಗೆ.

"ಅತ್ತೆನೂ ನನ್ನ ಜೊತೆ ಬರ್ತಾರೆ."

"ಬಿಟ್ಟು ಬನ್ನಿ ಅಂತ ನಾನು ಯಾವಾಗ ಅಂದೆ?"

"ನೀವು ಏನನ್ನೂ ಸರಿಯಾಗಿ ಅನ್ನಲೇ ಇಲ್ವಲ್ಲ ಸಾರ್!" ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಹೂಂ. ಬದುಕ್ತೀನಿ."

ಮೇಷ್ಟರು ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದು ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಹೆಂಡತಿ ತೀರಿಕೊಂಡ ದಿನವೂ ಬಂದವರ ಮುಂದೆ ಅಳದೆ ಬಿಗಿಹಿಡಿದಿದ್ದವರು ಈಗ ಭುಜ ಕುಲುಕುವಂತೆ ಅತ್ತರು. ಅವಳು ಇನ್ನೊಂದು ಕುರ್ಚಿ ಎಳೆದು ಕುಳಿತಳು. ಅವರ ಒಂದು ಕೈಯನ್ನು ಬಿಡಿಸಿ ತನ್ನ ಮಡಿಲಲ್ಲಿ ಹಿಡಿದುಕೊಂಡು, ಅಳು ತಾನಾಗಿ ನಿಲ್ಲುವವರೆಗೂ ಕೂತಿದ್ದಳು.

ಆಮೇಲೆ, "ಏಳಿ," ಎಂದಳು. "ಮುಖ ತೊಳ್ಕೊಳ್ಳಿ. ಅತ್ತೆ ನಿಮ್ಮನ್ನ ಬೈಯೋಕೆ ಕಾಯ್ತಿದ್ದಾರೆ."