ಕಾಡಿಗೆಯನ್ನು ಕದ್ದವನು

ಅವಳ ಕತ್ತಿ ಅವನ ಹೊಟ್ಟೆಯನ್ನು ಸೀಳಿಕೊಂಡು ಬೆನ್ನಿನಿಂದ ಹೊರಬಂತು! ಕಂಪ್ಯೂಟರ್ ಪರದೆಯ ತುಂಬ ರಕ್ತ...

ಅವನಿಗಿದು ಎರಡನೆಯ ಸಾವು. ಎರಡೂ ಅವಳ ಕೈಯಿಂದಲೇ. ಆ ಆಟದಲ್ಲಿ ಮೂರನೆಯ ಸಲ ಸತ್ತವನು ಮತ್ತೆ ಏಳುವಂತಿಲ್ಲ.

ನಮ್ಮ ನಾಯಕಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುವವಳು. ಕೋಪ ಮೂಗಿನ ತುದಿಯಲ್ಲೇ. ಆಟದಲ್ಲಿ ರಾಕ್ಷಸ ಕಂಡರೆ ಸಾಕು, ಕುದುರೆಯಿಂದ ಹಾರಿ ಕೊಚ್ಚಲು ಓಡುತ್ತಾಳೆ. ಆಮೇಲೆ ಕುದುರೆಯನ್ನು ಎಲ್ಲಿ ಬಿಟ್ಟೆ ಎಂಬುದೇ ನೆನಪಿರುವುದಿಲ್ಲ. ಹೀಗೆ ನಾಲ್ಕು ಕಳೆದಿದ್ದವು. ಐದನೆಯದರ ಹೆಸರು ಕಾಡಿಗೆ, ಮರಿಯಾಗಿದ್ದಾಗಿನಿಂದ ಅವಳೇ ಸಾಕಿದ ಕಪ್ಪು ಕುದುರೆ. ಅದರ ಲಗಾಮು ಹಿಡಿದು ಹೋಗುತ್ತಿದ್ದವನನ್ನು ಕಣ್ಣಾರೆ ಕಂಡಿದ್ದಳು.

‘ಕಳ್ಳ... ಈ ಸಲ ಹುಟ್ಟಡಗಿಸುತ್ತೇನೆ!’

ಜೀವ ಬಂದು ಎದ್ದವನು ತನ್ನ ಲಾಯಕ್ಕೆ ಓಡಿ ಬಾಗಿಲು ಹಾಕಿಕೊಂಡ. ಅವಳು ಕೊಡಲಿಯಿಂದ ಬಾಗಿಲನ್ನು ಪುಡಿಗಟ್ಟಿದಳು.

ಒಳಗೆ ಅವಳ ಐದೂ ಕುದುರೆಗಳು! ಮೈ ಉಜ್ಜಿ, ಮೇವು ಹಾಕಿ ಕಟ್ಟಿದ್ದ.

ಮೊದಲ ಸಲ ಅವನ ಮೈಕ್ ಮಾತಾಡಿತು. “ಹೊರಗೆ ಬಿಟ್ರೆ ತೋಳ ತಿಂತಾವೆ ಅಂತ ತಂದು ಕಟ್ಟಿದೆ.”

ಆ ದನಿ... ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುವವನದು! ‘ಆವಿ ಬಿಡ್ತಿದೀನಿ, ಕೈ ತೆಗೀರಿ’ ಎಂದು ದಿನವೂ ಅವಳನ್ನು ಎಚ್ಚರಿಸುವ ದನಿ. ಕಳೆದ ಕುದುರೆಗಳಿಗಾಗಿ ಅವಳು ಊಟದ ಕೋಣೆಯಲ್ಲಿ ಕಣ್ಣೀರಿಟ್ಟಾಗ ಪಕ್ಕದ ಬೆಂಚಿನಲ್ಲಿ ಕೂತು ಕೇಳಿಸಿಕೊಂಡಿದ್ದನಂತೆ. ಅವನ ಲಾಯದಲ್ಲಿ ಇರುವುದು ಐದೇ ಜಾಗ. ತನ್ನ ಕುದುರೆಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟು ಕಾಲ್ನಡಿಗೆಯಲ್ಲಿ ಅಲೆಯುತ್ತಿದ್ದ.

ಅವಳ ಕೋಪ ಜರ್ರನೆ ಇಳಿಯಿತು. ಮೊದಲೇ ಹೇಳಬಾರದಿತ್ತೇ ಎಂದು ಕೇಳಿದಳು.

“ಬಾಯಿ ತೆರೆಯೋಷ್ಟರಲ್ಲಿ ಕೊಂದುಬಿಡ್ತೀರಲ್ಲ...”

ಅಷ್ಟರಲ್ಲಿ ಮುರಿದ ಬಾಗಿಲಿನಿಂದ ಎರಡು ತೋಳಗಳು ನುಗ್ಗಿದವು. ಒಂದು ಕಾಡಿಗೆಯ ಗಂಟಲಿಗೆ, ಇನ್ನೊಂದು ಅವನ ಕುತ್ತಿಗೆಗೆ ಬಾಯಿ ಹಾಕಿತು!

ಅವಳು ಅವನ ಮೇಲಿದ್ದ ತೋಳದ ತಲೆಯನ್ನು ಎರಡು ಹೋಳು ಮಾಡಿದಳು. ತಿರುಗಿ ಇನ್ನೊಂದನ್ನು ಕೊಚ್ಚಿ ಹಾಕುವಷ್ಟರಲ್ಲಿ ಕಾಡಿಗೆ ಕಾಲು ಬಡಿದು ಬಡಿದು ಸತ್ತಿತ್ತು.

ಲಾಯದ ತುಂಬ ರಕ್ತ. ಇತ್ತ ಕೋಣೆಯಲ್ಲಿ ಅವಳು ಬಿಕ್ಕಿ ಬಿಕ್ಕಿ ಅತ್ತಳು.

“ನನ್ನನ್ನ ಯಾಕೆ ಉಳಿಸಿದ್ರಿ?” ಅವನು ಕೇಳಿದ. “ನಾನಾದ್ರೆ ಬೇರೆ ಹೆಸರಲ್ಲಿ ಮತ್ತೆ ಬರ್ತಿದ್ದೆ. ಕಾಡಿಗೆ ಬರಲ್ಲ.”

“ಗೊತ್ತು... ಕೈ ತಾನಾಗೇ ನಿನ್ನ ಕಡೆ ತಿರುಗ್ತು.”

ಆ ಮಾತಿನ ಅರ್ಥ ಇಬ್ಬರಿಗೂ ಹೊಳೆದಿತ್ತು.

“ನಾಳೆ ಕೆಲಸಕ್ಕೆ ಬರ್ತೀಯಲ್ಲ?” ಮೂಗು ಒರೆಸಿಕೊಂಡು ಅವಳೇ ಕೇಳಿದಳು.

“ಬರ್ತೀನಿ. ನೀವು ಕತ್ತಿ ಮನೇಲೇ ಬಿಟ್ಟು ಬನ್ನಿ.”