ಇಲ್ಲ ಎನ್ನದ ಪೆಟ್ಟಿಗೆ

ಫೆಬ್ರವರಿ 4, ಮಂಗಳವಾರ, ಮಧ್ಯಾಹ್ನ 12.30ಕ್ಕೆ ಆಲೆಟ್ಟಿಯ ದೇವಮ್ಮ ಸುಳ್ಯ ಠಾಣೆಗೆ ಬಂದು ದೂರು ಕೊಟ್ಟರು. ಅಂದು ಬೆಳಿಗ್ಗೆಯಷ್ಟೇ ಅವರ ಗಂಡ ಡೊಂಬಯ್ಯ ಊರಿನ ಕ್ಲಿನಿಕ್ಕಿನ ಬೆಂಚಿನ ಮೇಲೆ ತೀರಿಕೊಂಡಿದ್ದರು.

"ಎದೆ ನೋವು ಅಂತ ಹೋದದ್ದು ಮೇಡಂ. ಆ ನರ್ಸ್ ಮುಕ್ಕಾಲು ಗಂಟೆ ಇಸಿಜಿ ಪೆಟ್ಟಿಗೆ ನೋಡಿಕೊಂಡು ಕೂತಳು. ಅವಳನ್ನು ಇವತ್ತೇ ಒಳಗೆ ಹಾಕ್ತೀರಾ?"

"ನೋಡುವಾ ಅಮ್ಮ," ಎಂದರು ಪಿಎಸ್‌ಐ ಶಾಂಭವಿ.

ಆಗದು ಎನ್ನುವುದಕ್ಕೆ ಈ ಕಡೆಯವರ ಮರ್ಯಾದೆಯ ಮಾತು ಅದು. ದೇವಮ್ಮನಿಗೆ ಅರ್ಥವಾಯಿತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದರು. ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಶವ ಮರಣೋತ್ತರ ಪರೀಕ್ಷೆಗೆ ಹೋಯಿತು. ಸಂಜೆಗೆ ವೈದ್ಯರು ಹೇಳಿದ್ದು: ಹೃದಯಾಘಾತ.

ಮರುದಿನ ಬೆಳಿಗ್ಗೆ 9.30ಕ್ಕೆ ಕ್ಲಿನಿಕ್ಕಿನಲ್ಲಿ ಪಂಚನಾಮೆ. ನರ್ಸ್ ನಶೀದಾ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಪೆಟ್ಟಿಗೆಯನ್ನು ಪುತ್ತೂರಿನ ಖಾಸಗಿ ಹೃದಯ ಚಿಕಿತ್ಸಾ ಕೇಂದ್ರವೊಂದು ಕೊಟ್ಟಿತ್ತು. ಇಲ್ಲಿ ತೆಗೆದ ಇಸಿಜಿ ಅಲ್ಲಿಯ ಕಂಪ್ಯೂಟರಿಗೆ ಹೋಗುತ್ತಿತ್ತು, ಐದು ನಿಮಿಷದೊಳಗೆ ವೈದ್ಯರ ಉತ್ತರ ಬರುತ್ತಿತ್ತು. ಗೋಡೆಯ ಮೇಲೆ ಕೇಂದ್ರದ ಸೂಚನೆ ಅಂಟಿಸಿತ್ತು: 'ನಿರೀಕ್ಷಿಸಿ' ಎಂದು ಬಂದರೆ ಕಾಯುವುದು, 'ಸಂಪರ್ಕ ನಿರಾಕರಿಸಲಾಗಿದೆ' ಎಂದು ಬಂದರೆ ರೋಗಿಯನ್ನು ತಕ್ಷಣ ಸುಳ್ಯಕ್ಕೆ ಕಳುಹಿಸುವುದು.

"ನಿನ್ನೆ ಎಂತ ಬಂತು?"

"ನಿರೀಕ್ಷಿಸಿ ಅಂತಲೇ. ಕೊನೆ ತನಕ."

"ಸುಳ್ಯಕ್ಕೆ ಜೀಪಲ್ಲಿ ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ." ನಶೀದಾ ತಲೆ ತಗ್ಗಿಸಿದಳು. "ಡೊಂಬಯ್ಯಣ್ಣ ಹೊರಡ್ಲಿಲ್ಲ ಮೇಡಂ. ಹೋದ ವರ್ಷ ಹೀಗೇ ಆದಾಗ ಗ್ಯಾಸ್ ಅಂತ ಪುತ್ತೂರಿನವರೇ ಹೇಳಿದ್ರು. ಈ ಸಲವೂ ಅವರು ಹೇಳ್ಲಿ ಅಂದ್ರು. ನಾನಾದ್ರೂ ಎಳ್ಕೊಂಡು ಹೋಗ್ಬೇಕಿತ್ತು."

ಪರೀಕ್ಷೆಗೆಂದು ಹೆಡ್ ಕಾನ್‌ಸ್ಟೇಬಲ್ ಕುಶಾಲಪ್ಪ ಅಂಗಿ ಬಿಚ್ಚಿ ಬೆಂಚಿನ ಮೇಲೆ ಮಲಗಿದ. ಅವನ ಹೊಟ್ಟೆ ನೋಡಿ ಪಂಚರೊಬ್ಬರಿಗೆ ನಗು ಬಂತು. ನಶೀದಾ ಗುಂಡಿ ಒತ್ತಿದಳು. ಎರಡೇ ಸೆಕೆಂಡು: 'ಸಂಪರ್ಕ ನಿರಾಕರಿಸಲಾಗಿದೆ'.

ಪಂಚರ ನಗು ಅಲ್ಲಿಗೇ ನಿಂತಿತು.

"ಸುಳ್ಳು ಹೇಳಿದ್ದಾ ಮೇಡಂ ಇವಳು?" ಕುಶಾಲಪ್ಪ ಪಿಸುಗುಟ್ಟಿದ. ಶಾಂಭವಿ ಪೆಟ್ಟಿಗೆಯನ್ನು ಜಪ್ತಿ ಮಾಡಿ, ಮೊಹರು ಹಾಕಿಸಿ, ಮಂಗಳೂರಿನ ಸೈಬರ್ ಠಾಣೆಗೆ ಕಳುಹಿಸಿದರು. ಆ ನಾಲ್ಕು ದಿನ ನಶೀದಾ ಕೆಲಸವಿಲ್ಲದೆ ಮನೆಯಲ್ಲಿದ್ದಳು. ಊರು ಅವಳನ್ನು ಕೊಲೆಗಾತಿ ಎಂದೇ ಕರೆಯಿತು. ಊರ ಬಾಯಿಗೆ ಪಂಚನಾಮೆ ಬೇಕಾಗುವುದಿಲ್ಲ.

ಒಂಬತ್ತನೇ ತಾರೀಕು ಸೈಬರ್ ಠಾಣೆಯ ಗಿರಿಧರ ಫೋನ್ ಮಾಡಿದ. "ನರ್ಸ್ ಹೇಳಿದ್ದು ಸರಿ ಮೇಡಂ. ನಾಲ್ಕನೇ ತಾರೀಕು 10.02ರಿಂದ 10.48ರ ತನಕ ಪೆಟ್ಟಿಗೆ ಪುತ್ತೂರನ್ನು ಕರೆದದ್ದು ಉಂಟು. ಆಚೆಯಿಂದ ಹೂಂ ಇಲ್ಲ, ಉಹೂಂ ಇಲ್ಲ. ಉತ್ತರ ಬಾರದಷ್ಟು ಹೊತ್ತು ಪೆಟ್ಟಿಗೆ 'ನಿರೀಕ್ಷಿಸಿ' ಅಂತಲೇ ತೋರಿಸ್ತದೆ."

"ಮರುದಿನ ನಮಗೆ ಉತ್ತರ ಬಂತಲ್ಲ?"

"ಅಲ್ಲೇ ಇರುದು ವಿಷಯ. ಬೇಡದವರು ಬಂದ್ರೆ ಎಂತ ಮಾಡ್ಬೇಕು ಅಂತ ಪುತ್ತೂರಿನ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂಗೆ ಮೊದಲೇ ಹೇಳಿ ಇಡ್ಬಹುದು. ಒಂದು, ಬಾಗಿಲು ತೆರೆದು 'ಇಲ್ಲ, ಹೋಗಿ' ಅನ್ನುದು. ಇನ್ನೊಂದು, ಒಳಗೆ ಕೂತು ಉಸಿರೆತ್ತದೆ ಇರುದು. ಕಳ್ಳರು ಬಂದ್ರೆ ಎರಡನೇದೇ ಒಳ್ಳೇದು. ಆದ್ರೆ ನೆಂಟರು ಬಂದ್ರೆ? ಸಾವಿಗೂ ನಿಮ್ಮ ಪರೀಕ್ಷೆಗೂ ನಡುವೆ ಯಾರೋ ಅದನ್ನು ಬದಲು ಮಾಡಿದ್ದಾರೆ."

ಫೆಬ್ರವರಿ 10, ಬೆಳಿಗ್ಗೆ 11 ಗಂಟೆ, ಪುತ್ತೂರು. ಕೇಂದ್ರದ ಕಂಪ್ಯೂಟರಿನ ದಾಖಲೆಯಲ್ಲಿ ಎರಡು ಬದಲಾವಣೆಗಳಿದ್ದವು. ಒಂದನೇ ತಾರೀಕು ಬೆಳಿಗ್ಗೆ 9.10ಕ್ಕೆ: ಆಲೆಟ್ಟಿಯ ಕರೆಗೆ ಉತ್ತರಿಸದೆ ಬಿಡುವುದು. ನಾಲ್ಕರ ಸಂಜೆ 5.40ಕ್ಕೆ: ನಿರಾಕರಣೆ ತಿಳಿಸುವುದು. ಎರಡೂ ಮುರಳಿಕೃಷ್ಣ ಎಂಬ ತಂತ್ರಜ್ಞನ ಹೆಸರಿನಲ್ಲಿ.

ಮೂವತ್ತು ದಾಟದ, ಮೆತ್ತಗಿನ ಮಾತಿನ ಮನುಷ್ಯ. ಶಾಂಭವಿ ಅವನನ್ನು ಎದುರು ಕೂರಿಸಿ ಕೇಳಿದರು.

"ಒಂದನೇ ತಾರೀಕು ಯಾಕೆ ಬಂದ್ ಮಾಡಿದ್ದು?"

"ಇಸಿಜಿ ನೋಡುವ ಡಾಕ್ಟ್ರು ಕೆಲಸ ಬಿಟ್ರು. ಬಂದ್ ಮಾಡ್ಲಿಕ್ಕೆ ಮ್ಯಾನೇಜರ್ ಹೇಳಿದ್ರು."

"ಕ್ಲಿನಿಕ್ಕಿಗೆ ತಿಳಿಸ್ಲಿಕ್ಕೆ?"

"ನನಗೇ ಹೇಳಿದ್ರು."

"ತಿಳಿಸಿದ್ರಾ?"

"ಫೋನ್ ಮಾಡಿದ್ದೆ. ನಾನು ಹೇಳುವ ಮೊದಲೇ, ಬಂದ್ ಆಗ್ತದೆ ಅಂತ ಸುದ್ದಿ ಉಂಟು, ಇನ್ನೊಂದು ತಿಂಗಳು ಬಿಡಿ ಅಣ್ಣಾ ಅಂತ ಆ ನರ್ಸ್ ಬೇಡಿಕೊಂಡಳು. ಇಲ್ಲ ಅನ್ಲಿಕ್ಕೆ ನಾಲಿಗೆ ಬರ್ಲಿಲ್ಲ. ನೋಡುವಾ ಅಂದೆ. ಉತ್ತರ ಬಾರದಿದ್ರೆ ಅವರೇ ತಿಳ್ಕೊಂಡು ಬಿಡ್ತಾರೆ ಅಂತ ಎಣಿಸಿದ್ದು."

"ನಾಲ್ಕನೇ ತಾರೀಕು ಅವಳು ಮೂರು ಸಲ ನಿಮಗೆ ಫೋನ್ ಮಾಡಿದ್ದಾಳೆ."

ಮುರಳಿಕೃಷ್ಣ ಮೇಜನ್ನೇ ನೋಡಿದ. "ಪುನಃ ಕೇಳ್ತಾಳೆ ಅಂತ ಎತ್ತಲಿಲ್ಲ. ಸಂಜೆ ಸುದ್ದಿ ಗೊತ್ತಾಯ್ತು. ಹೆದರಿ ಬದಲು ಮಾಡಿದೆ."

"ಮನುಷ್ಯ ಆದ್ರೆ 'ಇಲ್ಲ' ಅನ್ನುದನ್ನು ಮುಖ ನೋಡಿ ತಿಳ್ಕೊಳ್ತಾನೆ ಮಾರಾಯ್ರೆ," ಎಂದ ಕುಶಾಲಪ್ಪ. "ಪೆಟ್ಟಿಗೆಗೆ ಎಂತ ಗೊತ್ತು?"

ಮಧ್ಯಾಹ್ನ 3.20ಕ್ಕೆ ಬಂಧನ. ಸಾಕ್ಷ್ಯ ಅಳಿಸಿದ ಕಲಮೂ ಸೇರಿತು. ಜೀಪಿನಲ್ಲಿ ಅವನು ಸುಮ್ಮನೆ ಅಳುತ್ತಿದ್ದ. ಶಾಂಭವಿಗೆ ಸಂಕಟವಾಯಿತು. ಹಣದಾಸೆ ಇಲ್ಲ, ಹಗೆ ಇಲ್ಲ. ಒಬ್ಬಳ ಮನಸ್ಸು ನೋಯಿಸಬಾರದು ಎಂಬ ದಾಕ್ಷಿಣ್ಯ ಒಂದು ಜೀವ ತೆಗೆದಿತ್ತು. ಇಂಥವನನ್ನು ಬೈಯಲು ಯಾವ ಬೈಗುಳವೂ ಹೊಂದುವುದಿಲ್ಲ.

ಮರುದಿನ ದೇವಮ್ಮ ಠಾಣೆಗೆ ಬಂದರು. ದಾರಿಯಲ್ಲಿ ನಶೀದಾಳ ಮನೆಗೆ ಹೋಗಿ, ಅವಳ ಕೈ ಹಿಡಿದು ಸ್ವಲ್ಪ ಹೊತ್ತು ಕೂತು ಬಂದಿದ್ದರು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಆ ಪೆಟ್ಟಿಗೆಗೆ ಇನ್ನು ಪುತ್ತೂರಿನವರು ಉತ್ತರ ಕೊಡ್ತಾರಾ ಮೇಡಂ?"

'ನೋಡುವಾ' ಎಂಬ ಮಾತು ಶಾಂಭವಿಯ ತುಟಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡರು.

"ಇಲ್ಲ ಅಮ್ಮ. ಇನ್ನು ಕೊಡುದಿಲ್ಲ. ಯಾರಿಗಾದ್ರೂ ಎದೆ ನೋವು ಬಂದ್ರೆ ಕಾಯ್ಬೇಡಿ, ಸೀದಾ ಜೀಪು ಹತ್ತಿಸಿ."

ದೇವಮ್ಮ ತಲೆಯಾಡಿಸಿದರು. "ಇಷ್ಟೇ ಅಲ್ವಾ ಹೇಳ್ಬೇಕಾದದ್ದು," ಎಂದು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟರು.